ಎಣಿಸಿ ಏರುವ ಬೆಟ್ಟ

ಮೆರೋನ್ ಬೆಟ್ಟದ ಹಿಂದೆ ಸೂರ್ಯ ಇಳಿದಾಗಿದೆ. ಕಣಿವೆಯ ಈಚೆಗೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಸಫೆದ್ ಊರಿನ ಕಲ್ಲುಗೋಡೆಗಳ ಮೇಲೆ ಇನ್ನೂ ಒಂದಿಷ್ಟು ಕೆಂಪು ಉಳಿದಿದೆ. ಉತ್ತರ ಇಸ್ರೇಲಿನ ಗಲಿಲಾಯ ಸೀಮೆಯ ಈ ಊರಿನ ಓಣಿಗಳು ಬಲು ಇಕ್ಕಟ್ಟು; ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕು. ಬಾಗಿಲು, ಕಿಟಕಿ, ಕಟಾಂಜನಗಳಿಗೆ ಬಳಿದ ನೀಲಿ ಬಣ್ಣ ಮಬ್ಬಿಗೆ ಕಪ್ಪಾಗುತ್ತಿದೆ. ಮೇಲಿನ ಲೋಕದ ನೆನಪಿಗಾಗಿ ಆ ಬಣ್ಣ ಎನ್ನುವವರುಂಟು, ದೃಷ್ಟಿ ತಾಗದಿರಲಿ ಎಂದು ಬಳಿದದ್ದು ಎನ್ನುವವರೂ ಉಂಟು. ಮೆಟ್ಟಿಲು ಹತ್ತಿ ಯಹೂದಿ ಪ್ರಾರ್ಥನಾಮಂದಿರವಾದ ಸಿನಗಾಗ್‌ಗೆ ಹೊರಟ ಮುದುಕನೊಬ್ಬ ಎದುರಿಗೆ ಬಂದ ಹುಡುಗನನ್ನು ತಡೆದು ಕೇಳುತ್ತಾನೆ: ‘ಇವತ್ತು ಎಷ್ಟನೆಯದು?’ ಹುಡುಗ ತಟಕ್ಕನೆ ಹೇಳುತ್ತಾನೆ: ‘ನಿನ್ನೆ ಹದಿನಾರು.’

ಕೇಳಿದ್ದು ಇವತ್ತಿನದು, ಹೇಳಿದ್ದು ನಿನ್ನೆಯದು. ಹುಡುಗ ತಮಾಷೆ ಮಾಡಲಿಲ್ಲ, ಧರ್ಮಶಾಸ್ತ್ರದ ಪ್ರಕಾರ ನಡೆದುಕೊಂಡ. ಕತ್ತಲಾದ ಮೇಲೆ, ನಿಂತು, ಆಶೀರ್ವಚನ ಹೇಳಿ, ಮನಸ್ಸಿಟ್ಟು ಆ ದಿನದ ಸಂಖ್ಯೆಯನ್ನು ಬಾಯಿಬಿಟ್ಟು ಎಣಿಸಬೇಕು. ಅದಕ್ಕೆ ಮುಂಚೆ ಯಾರಿಗೋ ಉತ್ತರವಾಗಿ ‘ಇವತ್ತು ಹದಿನೇಳು’ ಎಂದುಬಿಟ್ಟರೆ ಎಣಿಕೆ ಅಲ್ಲಿಗೇ ಮುಗಿದುಹೋಗುತ್ತದೆ, ಆಶೀರ್ವಚನಕ್ಕೆ ಎಡೆಯಿರುವುದಿಲ್ಲ. ಹಾಗಾಗಿ ಮುಸ್ಸಂಜೆಯ ಆ ಅರ್ಧ ತಾಸು ಇಡೀ ಊರು ಒಂದು ಸಂಖ್ಯೆಯನ್ನು ನಾಲಿಗೆಯ ತುದಿಯಲ್ಲಿ ಹಿಡಿದುಕೊಂಡು ಓಡಾಡುತ್ತದೆ. ರಾತ್ರಿ ಮರೆತವರಿಗೆ ಮರುದಿನ ಹಗಲಿನಲ್ಲಿ, ಆಶೀರ್ವಚನವಿಲ್ಲದೆ, ಎಣಿಸಿಕೊಳ್ಳಲು ಅವಕಾಶವಿದೆ. ಹಗಲನ್ನೂ ಕಳೆದುಕೊಂಡರೆ ಮುಂದಿನ ರಾತ್ರಿಗಳಲ್ಲೆಲ್ಲ ಬರಿಯ ಎಣಿಕೆಯಷ್ಟೇ, ಆಶೀರ್ವಚನ ಇಲ್ಲ. ಇದಕ್ಕೆ ಹೆದರಿ ಈಗ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳುವವರಿದ್ದಾರೆ, ಜ್ಞಾಪಿಸಲೆಂದೇ ತಯಾರಾದ ಆ್ಯಪ್‌ಗಳೂ ಇವೆ. ಫ್ರಿಜ್ಜಿನ ಬಾಗಿಲಿಗೆ ಏಳು ಸಾಲು, ಏಳು ಕಂಬಸಾಲಿನ ಪಟ್ಟಿ ಅಂಟಿಸಿಕೊಳ್ಳುವ ಮನೆಗಳಂತೂ ಲೆಕ್ಕವಿಲ್ಲದಷ್ಟು.

ಈಜಿಪ್ಟಿನಿಂದ ಬಿಡುಗಡೆಯಾದ ನೆನಪಿನ ಪಸ್ಕ ಹಬ್ಬದ ಎರಡನೆಯ ರಾತ್ರಿಯಿಂದ ಶಾವುವೋತ್ ಹಬ್ಬದ ಹಿಂದಿನ ದಿನದವರೆಗೆ ನಡೆಯುವ ಈ ನಲವತ್ತೊಂಬತ್ತು ದಿನಗಳ ವ್ರತಕ್ಕೆ ಓಮೆರ್ ಎಣಿಕೆ ಎಂದು ಹೆಸರು. ಮೂಲದಲ್ಲಿ ಅದು ರೈತರ ಲೆಕ್ಕ. ಜೆರುಸಲೇಮಿನ ದೇವಾಲಯದಲ್ಲಿ ಹೊಸ ಜವೆಗೋಧಿಯ ಒಂದು ಓಮೆರ್ ಅಳತೆಯನ್ನು ಅರ್ಪಿಸಿ, ಅಂದಿನಿಂದ ಏಳು ವಾರ ಎಣಿಸಿ, ಗೋದಿಯ ಎರಡು ರೊಟ್ಟಿ ಅರ್ಪಿಸುವುದು ಯಹೂದಿ ಧರ್ಮಗ್ರಂಥ ತೋರಾದ ವಿಧಿ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದ ಮೇಲೆ ಅರ್ಪಿಸಲು ಪೀಠವೇ ಇಲ್ಲವಾಯಿತು. ಧಾನ್ಯ ಹೋಯಿತು, ಎಣಿಕೆ ಮಾತ್ರ ಉಳಿಯಿತು. ಎಣಿಸಲು ಹೊರಗೆ ಏನೂ ಇಲ್ಲದಾಗ ಜನ ಒಳಗಿನದನ್ನು ಎಣಿಸತೊಡಗಿದರು. ಜವೆ ದನಕರುಗಳ ಮೇವು, ಗೋದಿ ಮನುಷ್ಯರ ಆಹಾರ. ಹಾಗಾದರೆ ಈ ಏಳು ವಾರ ಪಶುತನದಿಂದ ಮನುಷ್ಯತನಕ್ಕೆ ನಡೆಯುವ ದಾರಿ ಎಂದು ಹಿರಿಯರು ಅರ್ಥ ಹೇಳಿದರು. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾಗಲು ಒಂದು ರಾತ್ರಿ ಸಾಕಾಯಿತು, ಗುಲಾಮತನವನ್ನು ಮನಸ್ಸಿನಿಂದ ಬಿಡಿಸಿಕೊಂಡು ತೋರಾ ಪಡೆಯಲು ಸೀನಾಯಿ ಬೆಟ್ಟದ ಬುಡದಲ್ಲಿ ನಿಲ್ಲಲು ಏಳು ವಾರ ಬೇಕಾಯಿತು ಎಂಬುದು ಇನ್ನೊಂದು ವ್ಯಾಖ್ಯಾನ. ಕಬ್ಬಾಲಾ ಎಂದು ಕರೆಯುವ ಯಹೂದಿ ಅನುಭಾವ ಪರಂಪರೆಯವರು ಇದನ್ನೇ ಇನ್ನಷ್ಟು ಬಿಗಿಯಾಗಿ ಹೇಳಿದರು: ಈಜಿಪ್ಟಿನಲ್ಲಿ ಜನ ಮೈಲಿಗೆಯ ನಲವತ್ತೊಂಬತ್ತನೆಯ ಬಾಗಿಲಿನವರೆಗೆ ಇಳಿದುಹೋಗಿದ್ದರು, ಹೊರಬರುವಾಗ ದಿನಕ್ಕೊಂದು ಬಾಗಿಲು ದಾಟಿದರು.

ಕಬ್ಬಾಲಾದ ನಕ್ಷೆಯಲ್ಲಿ ಅನಂತನಾದ ದೇವರು ‘ಸೆಫಿರಾ’ ಎಂಬ ಹತ್ತು ದಿವ್ಯಗುಣಗಳ, ಅಂದರೆ ಸೆಫಿರೋತ್‌ಗಳ ಮೂಲಕ ಲೋಕಕ್ಕೆ ತೋರಿಕೊಳ್ಳುತ್ತಾನೆ. ಮೇಲಿನ ಮೂರು, ಅಂದರೆ ಕೆತೆರ್ ಎಂಬ ಕಿರೀಟ, ಹೊಖ್ಮಾ ಎಂಬ ಅರಿವಿನ ಮಿಂಚು, ಬೀನಾ ಎಂಬ ತಿಳಿವಳಿಕೆ, ಮನುಷ್ಯನ ಕೈಗೆ ಸುಲಭವಾಗಿ ಎಟಕುವಂಥವಲ್ಲ. ಕೆಳಗಿನ ಏಳು ನಮ್ಮ ನಡತೆಯಲ್ಲೂ ಇವೆ. ಹೆಸೆದ್ ಎಂದರೆ ಧಾರಾಳದ ಪ್ರೀತಿ. ಗೆವುರಾ ಎಂದರೆ ಬಿಗಿ, ಮಿತಿ, ನ್ಯಾಯ. ಎರಡರ ಹದವಾದ ಚೆಲುವು ತಿಫೆರೆತ್. ಬಳಿಕ ಹಿಡಿದದ್ದು ಬಿಡದ ನೆಟ್ಸಾಹ್, ತಲೆಬಾಗುವ ಹೋದ್, ಕೊಂಡಿಯಂತೆ ಬೆಸೆಯುವ ಯೆಸೋದ್. ಕೊನೆಯದು ಮಲ್ಖುತ್: ಮೇಲಿನದೆಲ್ಲ ಬಂದು ಸೇರುವ ರಾಜ್ಯ, ನಾವು ಕಾಲೂರಿದ ಈ ನೆಲ. ಏಳು ವಾರಕ್ಕೆ ಏಳು ಗುಣ, ವಾರದ ಏಳು ದಿನಕ್ಕೂ ಅವೇ ಏಳು. ಹೀಗೆ ಏಳೇಳು ನಲವತ್ತೊಂಬತ್ತು ಮನೆಗಳ ಪಟ ಸಿದ್ಧವಾಗುತ್ತದೆ.

ಪಟದ ಚೆಲುವಿರುವುದು ಅದರ ಬೆರಕೆಯಲ್ಲಿ. ಎರಡನೆಯ ದಿನ ‘ಹೆಸೆದ್ ಒಳಗಿನ ಗೆವುರಾ’: ನಾನು ಕೊಡುತ್ತಿರುವುದು ತೆಗೆದುಕೊಳ್ಳುವವನನ್ನು ಮುಳುಗಿಸುತ್ತಿದೆಯೇ, ನನ್ನ ಪ್ರೀತಿಗೆ ಒಂದು ಅಂಚು ಬೇಕಲ್ಲವೇ ಎಂದು ಕೇಳಿಕೊಳ್ಳುವ ದಿನ. ಎಂಟನೆಯ ದಿನ ಅದೇ ಜೋಡಿ ತಿರುವುಮುರುವು, ‘ಗೆವುರಾ ಒಳಗಿನ ಹೆಸೆದ್’: ಮಗುವಿಗೆ ‘ಬೇಡ’ ಎನ್ನುವಾಗ ಆ ದನಿಯ ತಳದಲ್ಲಿ ಅಕ್ಕರೆ ಇದೆಯೇ? ಹದಿನೇಳನೆಯ ದಿನ ‘ತಿಫೆರೆತ್ ಒಳಗಿನ ತಿಫೆರೆತ್’, ಹದದ ನಡುಮಧ್ಯೆ ಹದ. ಒಂದು ಗುಣವನ್ನು ಕಲಿತು ಮುಗಿಸಿ ಇನ್ನೊಂದಕ್ಕೆ ದಾಟುವ ಕ್ರಮ ಇಲ್ಲಿಲ್ಲ. ಪ್ರತಿ ಮೆಟ್ಟಿಲಿನೊಳಗೂ ಉಳಿದ ಆರು ಮಡಿಚಿಕೊಂಡಿವೆ, ಬಿಗಿಯನ್ನು ಕಲಿಯುವ ವಾರದಲ್ಲೂ ಪ್ರೀತಿಗೆ ಒಂದು ದಿನ ಮೀಸಲು. ಎಣಿಕೆಯ ನಂತರ ಓದುವ ಪ್ರಾರ್ಥನೆಯಲ್ಲಿ ಆ ದಿನದ ಮನೆಯನ್ನು ಹೆಸರಿಸಿ, ಅಲ್ಲಿ ತಾನು ಕೆಡಿಸಿದ್ದು ಸರಿಹೋಗಲಿ ಎಂದು ಬೇಡಿಕೊಳ್ಳುತ್ತಾರೆ.

ಈ ಎಣಿಕೆಗೆ ಕಾಲಕಾಲಕ್ಕೆ ಬಗೆಬಗೆಯ ಸಲಕರಣೆಗಳೂ ಹುಟ್ಟಿದವು. ಮರದ ಚಿಕ್ಕ ಪೆಟ್ಟಿಗೆ, ಒಳಗೆ ಸುತ್ತಿಟ್ಟ ಚರ್ಮದ ಹಾಳೆ, ಪಕ್ಕದಲ್ಲಿ ತಿರುಗಿಸುವ ಗುಬುಟು. ಪ್ರತಿ ರಾತ್ರಿ ತಿರುಗಿಸಿದಾಗ ಪುಟ್ಟ ಕಿಂಡಿಯಲ್ಲಿ ಆ ದಿನದ ಅಂಕಿ ಮೂಡುತ್ತದೆ. ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ನೆಲೆಸಿದ ಪೋರ್ಚುಗೀಸ್ ಯಹೂದಿಗಳ ಎಣಿಕೆ ಹಾಳೆಗಳಲ್ಲಿ ಎಚ್, ಎಸ್, ಡಿ ಎಂಬ ಮೂರು ಅಕ್ಷರಗಳು ಕಾಣುತ್ತವೆ: ಒಟ್ಟು ಎಣಿಕೆ, ವಾರ, ದಿನ. ಎಣಿಸುವಾಗ ಬರಿ ದಿನ ಹೇಳಿದರೆ ಸಾಲದು, ಎಷ್ಟು ವಾರ ತುಂಬಿತು, ಮೇಲೆ ಎಷ್ಟು ದಿನ ಎಂಬುದನ್ನೂ ಹೇಳಬೇಕು. ಇವತ್ತಿನ ಹೆಜ್ಜೆಯ ಜೊತೆಗೆ ನಡೆದ ದಾರಿಯೂ ಬಾಯಲ್ಲಿ ಬರಬೇಕೆಂದು ಈ ಕಟ್ಟಳೆ.

ಮುದುಕ ಹತ್ತುತ್ತಿರುವ ಈ ಊರಿಗೆ ಈ ಲೆಕ್ಕ ಹೊಸದಲ್ಲ. 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನು ಹೊರಹಾಕಿತು. 1516ರಲ್ಲಿ ಒಟ್ಟೋಮನ್ ತುರ್ಕರು ಈ ಸೀಮೆಯನ್ನು ಗೆದ್ದರು. ಅವರ ಆಳ್ವಿಕೆಯಲ್ಲಿ ನೆಲೆ ಹುಡುಕಿಕೊಂಡು ಬಂದ ಕುಟುಂಬಗಳಿಂದ ಸಫೆದ್ ತುಂಬಿತು. ಉಣ್ಣೆ ನೂಲುವ, ನೇಯುವ, ಬಣ್ಣ ಹಾಕುವ ಕಸುಬು ಊರಿಗೆ ಅನ್ನ ಕೊಟ್ಟಿತು. 1577ರಲ್ಲಿ ಹೀಬ್ರೂ ಮುದ್ರಣಾಲಯವೂ ಬಂತು. ಅದೇ ಓಣಿಗಳಲ್ಲಿ ಯೋಸೆಫ್ ಕಾರೋ ಇದ್ದರು. ಇವತ್ತಿಗೂ ಯಹೂದಿ ಮನೆಗಳ ದಿನಚರಿಯನ್ನು ನಿರ್ದೇಶಿಸುವ ‘ಶುಲ್ಹಾನ್ ಆರೂಖ್’ ಎಂಬ ಕಟ್ಟುನಿಟ್ಟಿನ ಧರ್ಮಸಂಹಿತೆ ಅವರದು. ಹಗಲು ಕಾನೂನು ಬರೆಯುತ್ತಿದ್ದ ಆ ಪಂಡಿತರ ಬಾಯಲ್ಲಿ ರಾತ್ರಿ ಇನ್ನೊಂದು ದನಿ ಮಾತಾಡುತ್ತಿತ್ತು. ‘ಮಗ್ಗಿದ್’ ಎಂಬ ಆ ಅಲೌಕಿಕ ಬೋಧಕ ಹೇಳಿದ್ದನ್ನು ಕಾರೋ ದಿನಚರಿಯಂತೆ ಬರೆದಿಟ್ಟರು. ಅದರಲ್ಲಿ ಲೋಕಲೋಕಾಂತರದ ಗುಟ್ಟುಗಳಿವೆ, ಹೆಚ್ಚು ನಿದ್ದೆ ಮಾಡಿದ್ದಕ್ಕೆ, ನಾಲಿಗೆಯ ರುಚಿಗೆ ಸೋತದ್ದಕ್ಕೆ ತಿಂದ ಬೈಗುಳಗಳೂ ಇವೆ.

ಕಾರೋ ಅವರ ಕಿರಿಯ ಸಮಕಾಲೀನ ಮೋಶೆ ಕೊರ್ದೊವೆರೋ. 1522ರಲ್ಲಿ ಹುಟ್ಟಿ 1570ರಲ್ಲಿ ತೀರಿಕೊಂಡ ಅವರು ಕಬ್ಬಾಲಾದ ಕಗ್ಗಂಟನ್ನೆಲ್ಲ ದೊಡ್ಡ ಗ್ರಂಥದಲ್ಲಿ ಬಿಡಿಸಿಟ್ಟವರು. ಆದರೆ ಜನ ಕೈಯಲ್ಲಿ ಹಿಡಿದು ಓಡಾಡಿದ್ದು ಅವರ ಸಣ್ಣ ಹೊತ್ತಗೆಯನ್ನು, ‘ತೊಮೆರ್ ದೆವೊರಾ’. ಒಂದೊಂದು ಸೆಫಿರಾವನ್ನೂ ಮನುಷ್ಯ ನಡತೆಯಲ್ಲಿ ಹೇಗೆ ಅನುಕರಿಸಬೇಕು ಎಂಬುದು ಅದರ ವಿಷಯ. ಎಲ್ಲಕ್ಕಿಂತ ಮೇಲಿನ ಕೆತೆರ್‌ನ ಅಧ್ಯಾಯ ತೆರೆದರೆ ಯಾವ ಗಗನದ ವರ್ಣನೆಯೂ ಇಲ್ಲ, ಒಂದು ಮುಖವಿದೆ. ಹಣೆ ಗಂಟಿಕ್ಕಬಾರದು. ಕಿವಿ ಚಾಡಿಗೆ ಮುಚ್ಚಿರಬೇಕು. ಕಣ್ಣು ಕೆಟ್ಟದ್ದನ್ನು ನೋಡದೆ ನೊಂದವರನ್ನು ನೋಡಬೇಕು. ಮೂಗಿನಲ್ಲಿ ಸಿಟ್ಟಿನ ಬಿಸಿ ಏರಬಾರದು. ಬಾಯಿಂದ ಒಳ್ಳೆಯದಷ್ಟೇ ಹೊರಡಬೇಕು. ಕಿರೀಟದ ಗುಟ್ಟು ವಿನಯ ಎನ್ನುತ್ತಾರೆ ಕೊರ್ದೊವೆರೋ. ಅವರ ಬಳಗಕ್ಕೆ ಬರಹದಲ್ಲಿ ನಿಯಮಗಳಿದ್ದವು: ಸಿಟ್ಟಾಗಬಾರದು, ಜೊತೆಗಾರರೊಡನೆ ಬೆರೆತು ನಡೆಯಬೇಕು, ಪ್ರತಿ ಶುಕ್ರವಾರ ಒಬ್ಬ ಗೆಳೆಯನೊಡನೆ ಕೂತು ವಾರವಿಡೀ ಮಾಡಿದ್ದನ್ನು ಒಪ್ಪಿಸಬೇಕು. ಅಂಗಡಿಯವನು ಬಾಗಿಲೆಳೆಯುವ ಮುನ್ನ ಗಲ್ಲಾಪೆಟ್ಟಿಗೆ ಎಣಿಸುವಂತೆ ಅವರು ವಾರದ ನಡತೆಯನ್ನು ಎಣಿಸುತ್ತಿದ್ದರು. ಲೆಕ್ಕ ಮುಗಿದ ಮೇಲೆ ವಾರದ ವಿಶ್ರಾಂತಿಯ ದಿನ, ಸಬ್ಬತ್. ಬಿಳಿಯುಟ್ಟು ಊರಾಚೆಯ ಹೊಲಗಳಿಗೆ ನಡೆದು, ಹಾಡುತ್ತ, ಸಬ್ಬತ್ ಎಂಬ ಮದುಮಗಳನ್ನು ಎದುರುಗೊಳ್ಳುವ ಪದ್ಧತಿ ಬೆಳೆದದ್ದು ಈ ಸಫೆದ್‌ನಲ್ಲೇ. ಕೊರ್ದೊವೆರೋ ಅವರ ಭಾವ ಶ್ಲೊಮೊ ಅಲ್ಕಬೆತ್ಸ್ ಆ ಸ್ವಾಗತಕ್ಕೆಂದು ರಚಿಸಿದ ಹಾಡು ಇವತ್ತು ಜಗತ್ತಿನ ಸಿನಗಾಗ್‌ಗಳಲ್ಲಿ ಶುಕ್ರವಾರ ಸಂಜೆ ಕೇಳುತ್ತದೆ.

ಕೊರ್ದೊವೆರೋ ತೀರಿಕೊಂಡ ವರ್ಷವೇ ಈಜಿಪ್ಟಿನಿಂದ ಒಬ್ಬ ಯುವಕ ಬಂದ. ಇಸಾಕ್ ಲೂರಿಯಾ. ಶಿಷ್ಯರ ಬಾಯಲ್ಲಿ ‘ಆರಿ’, ಅಂದರೆ ಸಿಂಹ. ಜೆರುಸಲೇಮಿನಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ಬೆಳೆದು, ಮೆಣಸು ಮುಂತಾದ ಸರಕಿನ ವ್ಯಾಪಾರದಲ್ಲೂ ಕೈಯಾಡಿಸಿದವನು. ಸಫೆದ್‌ನಲ್ಲಿ ಅವನು ಬಾಳಿದ್ದು ಎರಡು ವರ್ಷ ಮಾತ್ರ. 1572ರ ಬೇಸಗೆಯಲ್ಲಿ ಸಾಂಕ್ರಾಮಿಕ ರೋಗಕ್ಕೆ ಬಲಿಯಾದಾಗ ವಯಸ್ಸು ಮೂವತ್ತೆಂಟು. ಸ್ವತಃ ಬರೆದದ್ದು ಬಲು ಕಡಿಮೆ. ಶಿಷ್ಯ ಹಯ್ಯಿಂ ವಿಟಾಲ್ ಮುಂದೆ ದಶಕಗಳ ಕಾಲ ಗುರುವಿನ ಮಾತನ್ನು ಬರೆದು, ತಿದ್ದಿ, ಜೋಡಿಸಿದ. ಆ ಬರಹಗಳಲ್ಲಿ ಸೃಷ್ಟಿಯ ಒಂದು ನಾಟಕವಿದೆ. ಅನಂತನು ಲೋಕಕ್ಕೆ ಜಾಗ ಬಿಡಲೆಂದು ತನ್ನನ್ನು ತಾನು ಹಿಂದಕ್ಕೆಳೆದುಕೊಂಡ. ತೆರವಾದ ಜಾಗಕ್ಕೆ ಹರಿದ ಬೆಳಕನ್ನು ತಡೆದುಕೊಳ್ಳಲಾರದೆ ಪಾತ್ರೆಗಳು ಒಡೆದವು. ಬೆಳಕಿನ ಕಿಡಿಗಳು ಚೂರುಗಳೊಡನೆ ಕೆಳಕ್ಕೆ ಬಿದ್ದು ಲೋಕದ ವಸ್ತುಗಳಲ್ಲೆಲ್ಲ ಸಿಕ್ಕಿಕೊಂಡವು. ಅವನ್ನು ಹೆಕ್ಕಿ ಮೇಲೆತ್ತುವ ಕೆಲಸವೇ ‘ತಿಕ್ಕುನ್’, ರಿಪೇರಿ. ಉಣ್ಣುವುದು, ಮಾರುವುದು, ಪ್ರಾರ್ಥಿಸುವುದು, ಎಲ್ಲದರಲ್ಲೂ ಆ ಕೆಲಸ ಕಾದಿದೆ.

ಇಷ್ಟು ದೊಡ್ಡ ಆಕಾಶ ಕಂಡವನ ದಿನನಿತ್ಯ ಹೇಗಿತ್ತು? ವಿಟಾಲ್ ಕೊಡುವ ವಿವರಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು. ಕೂಲಿಯವನ ಸಂಬಳದ ವಿಚಾರದಲ್ಲಿ ಆರಿ ಬಲು ಕಟ್ಟುನಿಟ್ಟು. ಸಂಜೆಗೆ ಕೂಲಿ ಕೊಡುವುದು ಬಾಕಿ ಇದ್ದರೆ ಮಧ್ಯಾಹ್ನೋತ್ತರದ ಪ್ರಾರ್ಥನೆಯನ್ನೇ ತಡೆಹಿಡಿಯುತ್ತಿದ್ದ. ಕೈಯಲ್ಲಿ ಹಣ ಇಲ್ಲದ ದಿನ ಎಲ್ಲಿಂದಲೋ ಹೊಂದಿಸಿ ತಂದು, ಕೊಟ್ಟು, ಆಮೇಲೆ ಪ್ರಾರ್ಥನೆಗೆ ನಿಲ್ಲುತ್ತಿದ್ದ. ಇನ್ನೊಂದು ಸಿಟ್ಟಿನದು. ವಿಟಾಲ್ ತನ್ನ ತಮ್ಮನಿಗೆ ಪಾಠ ಹೇಳಿಕೊಡುತ್ತಿದ್ದ. ಅವನು ಹೇಳಿದಂತೆ ಕಲಿಯಲಿಲ್ಲವೆಂದು ರೇಗಿದ. ಪಾಠದ ಸಿಟ್ಟು, ಅಣ್ಣನ ಸಿಟ್ಟು, ಯಾರೂ ತಪ್ಪೆನ್ನಲಾರರು. ಆರಿ ಅದಕ್ಕೂ ವಿಟಾಲನನ್ನು ತರಾಟೆಗೆ ತೆಗೆದುಕೊಂಡ. ಬೇರೆ ತಪ್ಪುಗಳು ಆತ್ಮದ ಒಂದೊಂದು ಅಂಗಕ್ಕೆ ಗಾಯ ಮಾಡುತ್ತವೆ, ಸಿಟ್ಟು ಮಾತ್ರ ಇಡೀ ಆತ್ಮವನ್ನೇ ಹೊರಗಟ್ಟಿ ಆ ಜಾಗದಲ್ಲಿ ಬೇರೊಂದನ್ನು ತಂದು ಕೂರಿಸುತ್ತದೆ, ವರ್ಷಗಟ್ಟಲೆ ಏರಿದ್ದು ಒಂದು ಗಳಿಗೆಯಲ್ಲಿ ನೆಲಸಮ ಎಂಬುದು ಅವನ ಬೋಧೆ.

ಊರಿನ ಪಶ್ಚಿಮದ ಇಳಿಜಾರಿನಲ್ಲಿ ಹಳೆಯ ಸ್ಮಶಾನವಿದೆ. ಆರಿಯ ಸಮಾಧಿಗೆ ನೀಲಿ ಬಳಿದಿದ್ದಾರೆ. ಕೊರ್ದೊವೆರೋ, ಅಲ್ಕಬೆತ್ಸ್, ಕಾರೋ ಎಲ್ಲರೂ ಅದೇ ಇಳಿಜಾರಿನಲ್ಲಿ ಮಲಗಿದ್ದಾರೆ. ಪಕ್ಕದಲ್ಲೇ ಬಂಡೆಯೊಳಗಿನ ಒಂದು ಒರತೆಯ ಕೊಳ, ಶುದ್ಧಿಸ್ನಾನಕ್ಕೆಂದಿರುವ ಆರಿಯ ‘ಮಿಕ್ವೆ’. ಗಂಡಸರು ಮುಳುಗುಹಾಕುವ ಆ ನೀರು ನಡುಬೇಸಗೆಯಲ್ಲೂ ಮೂಳೆ ಕೊರೆಯುವಷ್ಟು ತಣ್ಣಗಿರುತ್ತದೆ. ಬಟ್ಟೆ ಕಳಚಿ ನಿಂತ ವಿದ್ವಾಂಸ ಮೊದಲ ಮೆಟ್ಟಿಲಲ್ಲಿ ಹಿಂಜರಿಯುತ್ತಾನೆ, ಎರಡನೆಯದರಲ್ಲಿ ಉಸಿರು ಬಿಗಿಹಿಡಿಯುತ್ತಾನೆ, ಮೂರನೆಯದರಲ್ಲಿ ಕಣ್ಣುಮುಚ್ಚಿ ಪೂರ್ತಿ ಮುಳುಗುತ್ತಾನೆ. ಒಂದು ಕೂದಲೂ ನೀರಿನ ಮೇಲೆ ಉಳಿಯಬಾರದು. ಮೇಲಕ್ಕೆ ಹೋಗಬೇಕೆಂದವನಿಗೆ ಸಫೆದ್ ಮೊದಲು ತೋರಿಸುವುದು ಕೆಳಗಿಳಿಯುವ ಮೆಟ್ಟಿಲುಗಳನ್ನು.

ಆತ್ಮಕ್ಕೂ ಅಂತಸ್ತುಗಳಿವೆ. ಎಲ್ಲರಿಗೂ ಹುಟ್ಟಿನಿಂದ ಬರುವುದು ‘ನೆಫೆಶ್’, ಮೈಯನ್ನು ನಡೆಸುವ ಜೀವ. ಅದನ್ನು ಸರಿಪಡಿಸಿಕೊಂಡರೆ ‘ರೂಆಹ್’ ಸಿಗುತ್ತದೆ, ಒಳಿತು ಕೆಡುಕು ತೂಗುವ ಚೈತನ್ಯ. ಅದನ್ನೂ ಹದಗೊಳಿಸಿದವರಿಗೆ ‘ನೆಶಾಮಾ’, ಅರಿವಿನ ಉಸಿರು. ಅದರಾಚೆಗೆ ‘ಹಯ್ಯಾ’, ‘ಯೆಹಿದಾ’ ಎಂದು ಇನ್ನೆರಡನ್ನು ಹೆಸರಿಸಿದರೂ ಅವುಗಳ ಬಗ್ಗೆ ಮಾತು ಕಡಿಮೆ. 13ನೆಯ ಶತಮಾನದ ಕೊನೆಯಲ್ಲಿ ಸ್ಪೇನ್‌ನ ಕಸ್ತೀಲಿಯದಲ್ಲಿ ಬೆಳಕಿಗೆ ಬಂದ, ಕಬ್ಬಾಲಾದ ಮೂಲಗ್ರಂಥವೆನಿಸಿದ ‘ಜೋಹರ್’, ಇದನ್ನು ದೀಪದ ಕುಡಿಯಲ್ಲಿ ತೋರಿಸುತ್ತದೆ. ಎಣ್ಣೆಯ ಹಣತೆಯೊಂದನ್ನು ಹಚ್ಚಿ ಹತ್ತಿರದಿಂದ ನೋಡಿ. ಬತ್ತಿಗೆ ಅಂಟಿಕೊಂಡು ಕಪ್ಪುನೀಲಿಯ ಒಂದು ಬೆಳಕು; ಅದು ಸದಾ ಅಲುಗುತ್ತದೆ, ಕೆಳಗಿನ ಬತ್ತಿಯನ್ನು ತಿನ್ನುತ್ತದೆ. ಅದರ ಮೇಲೆ ಕೂತದ್ದು ಬಿಳಿಯ ಬೆಳಕು, ಸ್ಥಿರ, ಶಾಂತ. ಬಿಳಿಯದಕ್ಕೆ ಕೂರಲು ಪೀಠ ಬೇಕು, ಆ ಪೀಠ ಕಪ್ಪುನೀಲಿಯದು. ಅದು ನಿಲ್ಲುವುದು ಎಣ್ಣೆ ಕುಡಿದ ಹತ್ತಿಯ ಮೇಲೆ. ಬತ್ತಿ ತೆಗೆದರೆ ಬಿಳಿಯ ಬೆಳಕೂ ಇಲ್ಲ. ಬೆಳಗಿನ ಪ್ರಾರ್ಥನೆಯ ಕ್ರಮದಲ್ಲೂ ಕಬ್ಬಾಲಾದವರು ಇಂಥದೇ ನಾಲ್ಕು ಮಾಳಿಗೆ ಕಂಡರು: ಕ್ರಿಯೆಯ ಲೋಕ, ರೂಪದ ಲೋಕ, ಸೃಷ್ಟಿಯ ಲೋಕ, ದೇವರಿಗೆ ತೀರ ಹತ್ತಿರದ ಲೋಕ. ನಾಲ್ಕನೆಯದರಲ್ಲಿ ಮೌನವಾಗಿ ನಿಂತು ಬೇಡಿಕೊಂಡ ಮೇಲೆ ಉಳಿದ ಪ್ರಾರ್ಥನೆಗಳು ಅವರನ್ನು ಒಂದೊಂದೇ ಮಾಳಿಗೆ ಇಳಿಸಿ ಬೀದಿಗೆ ಬಿಡುತ್ತವೆ.

ಮೂವತ್ತಮೂರನೆಯ ದಿನ, ‘ಹೋದ್ ಒಳಗಿನ ಹೋದ್’. ಲಗ್ ಬಓಮೆರ್ ಹಬ್ಬ. ಇಷ್ಟು ದಿನ ಮದುವೆಯಿಲ್ಲ, ಕ್ಷೌರವಿಲ್ಲ, ಒಂದು ಬಗೆಯ ಸೂತಕ. ಪ್ರಾಚೀನ ಧರ್ಮಗುರು ರಬ್ಬಿ ಅಕಿವಾರ ಇಪ್ಪತ್ತನಾಲ್ಕು ಸಾವಿರ ಶಿಷ್ಯರು ಈ ಋತುವಿನಲ್ಲೇ ಸತ್ತರು ಎನ್ನುತ್ತದೆ ತಾಲ್ಮುದ್ ಎಂಬ ಹಳೆಯ ಧರ್ಮವ್ಯಾಖ್ಯಾನ ಗ್ರಂಥ; ಕಾರಣ, ಅವರು ಒಬ್ಬರನ್ನೊಬ್ಬರು ಗೌರವಿಸಲಿಲ್ಲ. ಸಾವು ನಿಂತದ್ದು ಈ ದಿನ ಎಂಬ ನಂಬಿಕೆಯಿಂದ ಸೂತಕ ಸಡಿಲುತ್ತದೆ. ಕಣಿವೆಯಾಚೆಯ ಮೆರೋನ್‌ನಲ್ಲಿ ರಬ್ಬಿ ಶಿಮೋನ್ ಬರ್ ಯೋಹಾಯ್ ಅವರ ಸಮಾಧಿಯ ಸುತ್ತ ಲಕ್ಷಗಟ್ಟಲೆ ಜನ ಸೇರುತ್ತಾರೆ. ಜೋಹರ್ ಅನ್ನು ಪರಂಪರೆ ಆರೋಪಿಸುವುದು ಎರಡನೆಯ ಶತಮಾನದ ಈ ಋಷಿಗೇ. ಗೆರ್ಶೊಮ್ ಶೋಲೆಮ್‌ರಂಥ ವಿದ್ವಾಂಸರು ಅದರ ಕರ್ತೃ ಸ್ಪೇನ್‌ನ ಮೋಶೆ ದೆ ಲಿಯೋನ್ ಎಂದು ವಾದಿಸಿದರೂ ಮೆರೋನ್‌ನ ಜಾತ್ರೆಗೆ ಅದರಿಂದೇನೂ ಬಾಧೆಯಿಲ್ಲ. ಚಾವಣಿಯ ಮೇಲೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಬೆಂಕಿ ಭುಗಿಲೇಳುತ್ತದೆ. ಅಪ್ಪಂದಿರ ಹೆಗಲ ಮೇಲೆ ಮೂರು ವರ್ಷದ ಗಂಡುಮಕ್ಕಳು. ಇಂದು ಅವರಿಗೆ ಮೊದಲ ಕ್ಷೌರ. ಕತ್ತರಿ ಕೈಯಿಂದ ಕೈಗೆ ಹೋಗುತ್ತದೆ, ಅಜ್ಜ ಒಂದು ಎಳೆ, ಮಾವ ಒಂದು ಎಳೆ, ಮಗು ಕಿರುಚುತ್ತದೆ, ಕ್ಲಾರಿನೆಟ್ ಇನ್ನೂ ಜೋರಾಗಿ ಕೂಗುತ್ತದೆ. 2021ರಲ್ಲಿ ಇದೇ ಜಾತ್ರೆಯ ಇಕ್ಕಟ್ಟಾದ ಇಳಿಜಾರು ಹಾದಿಯಲ್ಲಿ ನೂಕುನುಗ್ಗಲಾಗಿ 45 ಮಂದಿ ಸತ್ತರು.

ಬರ್ ಯೋಹಾಯ್ ಕುರಿತ ತಾಲ್ಮುದ್‌ನ ಕಥೆಯನ್ನು ಈ ಗದ್ದಲದಲ್ಲಿ ನೆನೆಯಬೇಕು. ರೋಮನ್ನರಿಗೆ ಹೆದರಿ ತಂದೆ ಮಗ ಗುಹೆ ಸೇರಿದರು. ಹನ್ನೆರಡು ವರ್ಷ ಕತ್ತಿನವರೆಗೆ ಮರಳಿನಲ್ಲಿ ಹೂತುಕೊಂಡು ತೋರಾ ಕಲಿತರು. ಹೊರಬಂದಾಗ ಒಬ್ಬ ರೈತ ಉಳುತ್ತಿದ್ದ. ಅಮರವಾದದ್ದನ್ನು ಬಿಟ್ಟು ಕ್ಷಣಿಕದಲ್ಲಿ ಮುಳುಗಿದ್ದಾನಲ್ಲ ಎಂದು ಸಿಟ್ಟಿನಿಂದ ನೋಡಿದರು. ನೋಡಿದ ಕಡೆಯೆಲ್ಲ ಹೊಲ ಸುಟ್ಟುಹೋಯಿತು. ಆಕಾಶದಿಂದ ಬಂದ ದನಿ, ನನ್ನ ಲೋಕ ಕೆಡಿಸಲು ಬಂದಿರಾ, ಗುಹೆಗೆ ಹಿಂದಿರುಗಿ ಎಂದು ಗದರಿತು. ಇನ್ನೊಂದು ವರ್ಷ ಕಳೆದು ಹೊರಬಂದಾಗ ಸಬ್ಬತ್ತಿನ ಹಿಂದಿನ ಸಂಜೆ. ಮುದುಕನೊಬ್ಬ ಘಮಘಮಿಸುವ ಮರ್ಟಲ್ ಸೊಪ್ಪಿನ ಎರಡು ಕಟ್ಟು ಹಿಡಿದು ಓಡುತ್ತಿದ್ದ, ಸಬ್ಬತ್ತನ್ನು ಗೌರವಿಸಲು. ಅದನ್ನು ಕಂಡು ಅವರ ಮನಸ್ಸು ತಣಿಯಿತು. ಹನ್ನೆರಡು ವರ್ಷ ಏರಿದವರಿಗೆ ಕಲಿಯಲು ಬಾಕಿಯಿದ್ದದ್ದು ಬೀದಿಯ ಮುದುಕನೊಬ್ಬನನ್ನು ಪ್ರೀತಿಯಿಂದ ನೋಡುವುದು. ಅದಕ್ಕೆ ಹದಿಮೂರನೆಯ ವರ್ಷ ಬೇಕಾಯಿತು.

ಹಾರಿ ಏರಿದವರ ಪಾಡನ್ನು ಈ ಪರಂಪರೆ ಬಚ್ಚಿಡುವುದಿಲ್ಲ. ‘ಪರ್ದೆಸ್’ ಎಂಬ ಗುಹ್ಯ ತೋಟ ಹೊಕ್ಕ ನಾಲ್ವರಲ್ಲಿ ಒಬ್ಬ ಸತ್ತ, ಒಬ್ಬನಿಗೆ ಬುದ್ಧಿ ಕೆಟ್ಟಿತು, ಒಬ್ಬ ನಂಬಿಕೆಯನ್ನೇ ತೊರೆದ. ಅಕಿವಾ ಒಬ್ಬರೇ ನೆಮ್ಮದಿಯಿಂದ ಹೋಗಿ ನೆಮ್ಮದಿಯಿಂದ ಬಂದರು. 1665ರಲ್ಲಿ ಶಬ್ಬತಾಯ್ ತ್ಸ್ವಿ ಯಹೂದಿಗಳು ಕಾಯುತ್ತಿರುವ ಉದ್ಧಾರಕ ಮೆಸ್ಸೀಯ ತಾನೇ ಎಂದ. ಆರಿಯ ಕಬ್ಬಾಲಾದ ಮಾತುಗಳೇ ಆ ಚಳವಳಿಗೆ ಇಂಧನವಾದವು. ಮರುವರ್ಷ ಒಟ್ಟೋಮನ್ ಸುಲ್ತಾನನ ಮುಂದೆ ಅವನು ಇಸ್ಲಾಂಗೆ ಸೇರಿದಾಗ, ಪವಿತ್ರ ನಾಡಿಗೆ ಹೊರಡಲು ಮನೆ ಮಾರಿ ಗಂಟುಮೂಟೆ ಕಟ್ಟಿ ಕೂತಿದ್ದ ಕುಟುಂಬಗಳ ಎದೆ ಒಡೆಯಿತು. ಆ ಭೀತಿಯಲ್ಲಿ 1756ರಲ್ಲಿ ಬ್ರೋದಿ ಊರಿನ ರಬ್ಬಿಗಳು, ಮೂವತ್ತು ತುಂಬದವರು ಜೋಹರ್ ಮುಟ್ಟಬಾರದು, ನಲವತ್ತು ತುಂಬದವರು ಆರಿಯ ಬರಹ ಓದಬಾರದು ಎಂದು ಕಟ್ಟಳೆ ಹಾಕಿದರು. ಆ ಲೆಕ್ಕದಲ್ಲಿ ಮೂವತ್ತೆಂಟಕ್ಕೇ ತೀರಿಕೊಂಡ ಆರಿಗೆ ತನ್ನದೇ ಬೋಧೆ ಓದುವ ಅರ್ಹತೆ ಇರುತ್ತಿರಲಿಲ್ಲ!

ಇಟಲಿಯ ಪಾದುವಾದ ಮೋಶೆ ಹಯ್ಯಿಂ ಲುತ್ಸಾತೋ ಈ ಅನುಮಾನದ ಬಿಸಿ ಉಂಡವನು. ಇಪ್ಪತ್ತರ ಹರೆಯದಲ್ಲಿ ಅವನಿಗೂ ಒಬ್ಬ ಮಗ್ಗಿದ್ ಮಾತಾಡುತ್ತಿದ್ದ. ರಬ್ಬಿಗಳು ಬೆದರಿ, ಕಬ್ಬಾಲಾ ಬರೆಯುವುದಿಲ್ಲವೆಂದು ಸಹಿ ಹಾಕಿಸಿಕೊಂಡರು. ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಮಸೂರ ಉಜ್ಜುವ ಕಸುಬಿನಿಂದ ಹೊಟ್ಟೆ ಹೊರೆದು 1740ರಲ್ಲಿ ‘ಮೆಸಿಲ್ಲತ್ ಯೆಶಾರಿಮ್’ ಪ್ರಕಟಿಸಿದ. ಅದರಲ್ಲಿ ಗುಹ್ಯ ಭಾಷೆ ಇಲ್ಲ, ಒಂದು ಏಣಿಯಿದೆ: ಎಚ್ಚರ, ಚುರುಕು, ನಿರ್ಮಲತೆ, ವಿರಕ್ತಿ, ಶುದ್ಧಿ, ಭಕ್ತಿ, ವಿನಯ, ಪಾಪಭೀತಿ, ಪವಿತ್ರತೆ. ವಿನಯಕ್ಕೆ ಸಿಕ್ಕ ಜಾಗ ನೋಡಿ, ಅದು ಭಕ್ತಿಗಿಂತ ಮೇಲೆ. ಈ ಕ್ರಮ ಪಿನ್ಹಾಸ್ ಬೆನ್ ಯಾಯಿರ್ ಎಂಬ ಪ್ರಾಚೀನ ಋಷಿಯ ಮಾತಿನದು. ತಾಲ್ಮುದ್ ಪ್ರಕಾರ ಆತ ಬರ್ ಯೋಹಾಯ್ ಅವರ ಅಳಿಯ. ಗುಹೆಯಿಂದ ಬಂದ ಮಾವನ ಮೈಯನ್ನು ಸ್ನಾನಗೃಹದಲ್ಲಿ ತಿಕ್ಕುವಾಗ, ಮರಳಿನಿಂದ ಬಿರಿದ ಚರ್ಮ ಕಂಡು ಅತ್ತವನು.

ಕೊನೆಯ ವಾರ ಮಲ್ಖುತ್‌ನದು. ಗಮನಿಸಿದಿರಾ? ದಿನ ಏರುತ್ತ ಹೋದಂತೆ ಎಣಿಕೆ ಸೆಫಿರೋತ್‌ಗಳ ಮರದಲ್ಲಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಆರಂಭ ಎತ್ತರದ ಹೆಸೆದ್‌ನಲ್ಲಿ, ಮುಕ್ತಾಯ ಎಲ್ಲಕ್ಕಿಂತ ಕೆಳಗಿನ ಮಲ್ಖುತ್‌ನಲ್ಲಿ. ನಲವತ್ತೊಂಬತ್ತನೆಯ ರಾತ್ರಿ ‘ಮಲ್ಖುತ್ ಒಳಗಿನ ಮಲ್ಖುತ್’, ನೆಲದೊಳಗಿನ ನೆಲ. ಏರುವವನು ಕಿರೀಟ ಮುಟ್ಟಲು ಹೊರಟಿಲ್ಲ, ಮೇಲಿನದನ್ನು ಅಂಗಳಕ್ಕೆ ಇಳಿಸಿ ತರುತ್ತಿದ್ದಾನೆ. ಐವತ್ತು ದಿನ ಎಣಿಸಿ ಎಂದು ತೋರಾ ಹೇಳಿದರೂ ಎಣಿಸುವುದು ನಲವತ್ತೊಂಬತ್ತನ್ನೇ. ತಿಳಿವಳಿಕೆಯ ಐವತ್ತು ಬಾಗಿಲುಗಳಲ್ಲಿ ಜನರನ್ನು ಈಜಿಪ್ಟಿನಿಂದ ಕರೆತಂದ ಪ್ರವಾದಿ ಮೋಶೆಗೂ ಒಂದು ತೆರೆಯಲಿಲ್ಲ ಎನ್ನುತ್ತದೆ ತಾಲ್ಮುದ್. ಐವತ್ತನೆಯದು ಎಣಿಸಿ ದಕ್ಕುವುದಲ್ಲ, ಕೊಟ್ಟಾಗ ಕೈಯೊಡ್ಡಬೇಕು.

ಆ ಐವತ್ತನೆಯ ದಿನವೇ ಶಾವುವೋತ್, ಸೀನಾಯಿಯಲ್ಲಿ ತೋರಾ ದೊರೆತ ನೆನಪಿನ ಹಬ್ಬ. ಸಫೆದ್‌ನ ಸಿನಗಾಗ್‌ಗಳಲ್ಲಿ ರಾತ್ರಿಯಿಡೀ ದೀಪ. ಕಾರೋ ಮತ್ತು ಅಲ್ಕಬೆತ್ಸ್ ಜೊತೆಗೂಡಿ ಹೀಗೊಂದು ಶಾವುವೋತ್ ರಾತ್ರಿ ಎಚ್ಚರಿದ್ದು ಓದುವಾಗ ಮಗ್ಗಿದ್‌ನ ದನಿ ಕೇಳಿಸಿದ್ದನ್ನು ಅಲ್ಕಬೆತ್ಸ್ ಕಾಗದದಲ್ಲಿ ಬರೆದಿದ್ದಾರೆ. ಈಗ ಬೆಂಚುಗಳ ಮೇಲೆ ಕಾಫಿ ಲೋಟ, ಚೀಸ್ ಕೇಕಿನ ತಟ್ಟೆ, ನಡುವೆ ತೆರೆದ ಹೊತ್ತಗೆ. ಎರಡು ಗಂಟೆಗೆ ಯಾರೋ ತೂಕಡಿಸುತ್ತಾರೆ, ಪಕ್ಕದವನು ಮೊಣಕೈಯಿಂದ ತಿವಿಯುತ್ತಾನೆ. ಹಬ್ಬದಲ್ಲಿ ಓದುವುದು ರೂತಳ ಕಥೆಯನ್ನು. ಜವೆಯ ಸುಗ್ಗಿಯಲ್ಲಿ ಬಂದು ಗೋದಿಯ ಸುಗ್ಗಿಯವರೆಗೆ ಅನ್ಯರ ಹೊಲದಲ್ಲಿ ಹಕ್ಕಲಾಯ್ದ ಪರದೇಶಿ ಹೆಣ್ಣು; ದಾವೀದ ರಾಜನಿಗೆ ಮುತ್ತಜ್ಜಿ. ತೋರಾದಲ್ಲಿ ಈ ಎಣಿಕೆಯ ವಿಧಿ ಮುಗಿದ ಮರುವಾಕ್ಯವೇ ಬೆಳೆ ಕೊಯ್ಯುವಾಗ ಹೊಲದ ಅಂಚನ್ನು ಬಡವನಿಗೂ ಪರದೇಶಿಗೂ ಬಿಡಬೇಕೆಂಬ ಆಜ್ಞೆ. ಈ ಊರಿಗೂ ಆ ಮಾತು ಅನ್ವಯಿಸುತ್ತದೆ. ಬ್ರಿಟಿಷರ ಕಾಲದಲ್ಲಿ ಯಹೂದಿ ಕೇರಿಗೂ ಅರಬ್ ಕೇರಿಗೂ ಗಡಿಯಾಗಿದ್ದ ಉದ್ದನೆಯ ಮೆಟ್ಟಿಲುಸಾಲು ಊರ ನಡುವೆ ಇನ್ನೂ ಇದೆ. 1948ರ ಮೇ ತಿಂಗಳ ಯುದ್ಧದಲ್ಲಿ ಬಹುಸಂಖ್ಯೆಯ ಅರಬ್ಬರು ಮನೆಮಠ ಬಿಟ್ಟು ಹೋಗಬೇಕಾಯಿತು. ಅದಕ್ಕೆ ಮುಂಚೆ 1837ರ ಜನವರಿ 1ರ ಭೂಕಂಪ ಸಾವಿರಾರು ಜನರನ್ನು ನುಂಗಿತ್ತು. ಪಾತ್ರೆ ಒಡೆದ ಕಥೆ ಸಫೆದ್‌ಗೆ ಬರಿಯ ತತ್ವವಾಗಿ ಉಳಿದಿಲ್ಲ.

ಹಬ್ಬದ ಬೆಳಗಿಗೆ ಎಲ್ಲ ಮುಗಿಯಿತೇ ಎಂದರೆ, ಪಂಚಾಂಗ ಬೇರೆಯೇ ಹೇಳುತ್ತದೆ. ಸೀನಾಯಿಯ ದರ್ಶನವಾಗಿ ನಲವತ್ತೇ ದಿನಕ್ಕೆ ಅದೇ ಜನ ಚಿನ್ನದ ಕರು ಎರಕಹೊಯ್ದು ಕುಣಿದರು. ಬೆಟ್ಟ ಇಳಿದು ಬಂದ ಮೋಶೆ ಕೈಯಲ್ಲಿದ್ದ ಶಾಸನದ ಹಲಗೆಗಳನ್ನು ನೆಲಕ್ಕೆ ಅಪ್ಪಳಿಸಿದ. ಅದು ನಡೆದ ತಮ್ಮೂಜ್ ತಿಂಗಳ ಹದಿನೇಳನ್ನು ಯಹೂದಿಗಳು ಇಂದಿಗೂ ಉಪವಾಸವಿದ್ದು ನೆನೆಯುತ್ತಾರೆ. ಎರಡನೆಯ ಜೋಡಿ ಹಲಗೆ ಬಂದ ಮೇಲೂ ಒಡೆದ ಚೂರುಗಳನ್ನು ಬಿಸಾಡಲಿಲ್ಲ, ಇಡಿಯಾದವುಗಳ ಜೊತೆಗೇ ಒಂದೇ ಪೆಟ್ಟಿಗೆಯಲ್ಲಿಟ್ಟು ಹೊತ್ತರು ಎನ್ನುತ್ತದೆ ತಾಲ್ಮುದ್. ಬಿದ್ದ ಲೆಕ್ಕವನ್ನೂ ಹೊತ್ತು ನಡೆಯುವ ಈ ಜನರಿಗೆ ನಲವತ್ತೊಂಬತ್ತು ದಾಟಿದ್ದು ಪದವಿಯಲ್ಲ. ಹಿರಿಯ ಕಬ್ಬಾಲಾ ಪಂಡಿತನೂ ಮೊನ್ನೆ ತಾನೆ ಅಕ್ಷರ ಕಲಿತ ಹುಡುಗನೂ ಬರುವ ಪಸ್ಕ ಹಬ್ಬದ ಎರಡನೆಯ ರಾತ್ರಿ ಒಂದೇ ಸಾಲಿನಲ್ಲಿ ನಿಂತು ಒಂದರಿಂದಲೇ ಶುರುಮಾಡಬೇಕು.